ಗೋಡೆ ಕಚ್ಚಿದ ತಂತಿ

ಶಹಾಬಾದಿನ ಪರಸಿ ಗಲ್ಲಿಯಲ್ಲಿ ರಶೀದಾಬೇಗಂ ಆನ್‌ಲೈನ್ ಸೆಂಟರ್ ಇಟ್ಟು ಹತ್ತು ವರ್ಷದ ಮೇಲಾಗಿತ್ತು. ಪಹಣಿ, ಜಾತಿ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಮದುವೆ ಕಾರ್ಡು, ಏನೇ ಬೇಕಾದರೂ ಭಂಕೂರಿನಿಂದ, ಅತ್ತ ದಂಡೋತಿಯಿಂದ ಕೂಡ ಜನ ಆಕೆಯ ಬಳಿಗೇ ಬರುತ್ತಿದ್ದರು. ಕನ್ನಡವನ್ನೂ ಉರ್ದುವನ್ನೂ ಒಂದೇ ವೇಗದಲ್ಲಿ ಟೈಪು ಮಾಡುವವರು ಆ ಭಾಗದಲ್ಲಿ ಬೇರೆ ಯಾರೂ ಇರಲಿಲ್ಲ.

ಆಕೆ ಹುಟ್ಟಿದ್ದು ವಾಡಿಯಲ್ಲಿ. ಅಪ್ಪ ರೈಲ್ವೆಯ ಸಿಗ್ನಲ್ ಖಾತೆಯಲ್ಲಿದ್ದವರು, ಹಳಿಗುಂಟ ತಂತಿ ನೋಡುತ್ತ ನಡೆಯುವುದೇ ಅವರ ನೌಕರಿ. ಸಿಗ್ನಲ್ ಕೆಟ್ಟಾಗ ಉಳಿದವರು ಇಲ್ಲಿರಬಹುದು, ಅಲ್ಲಿರಬಹುದು ಎಂದು ವಾದಿಸುತ್ತಿದ್ದರೆ ಅವರು ಮಾತ್ರ ಒಂದು ತುದಿಯಿಂದ ಹೊರಟು, ಸರಿಯಿದ್ದುದನ್ನು ಬಿಡುತ್ತ ಬಿಡುತ್ತ ಇನ್ನೊಂದು ತುದಿಯತ್ತ ಹೋಗುತ್ತಿದ್ದರು. ಎಲ್ಲವನ್ನೂ ಬಿಟ್ಟ ಮೇಲೆ ಉಳಿಯುವುದೇ ತಪ್ಪು ಎನ್ನುತ್ತಿದ್ದರು. ಮನೆಯ ರೇಡಿಯೋ ಕೆಟ್ಟರೂ, ಫ್ಯಾನು ನಿಂತರೂ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಗೆಯೇ ಬಿಚ್ಚುತ್ತಿದ್ದರು. ಆ ಚಟ ರಶೀದಾಳಿಗೂ ಅಂಟಿತ್ತು. ಕೆಟ್ಟದ್ದನ್ನು ಕೆಟ್ಟಂತೆಯೇ ಬಿಟ್ಟು ಮಲಗುವುದು ಆಕೆಯ ಕೈಲಾಗುತ್ತಿರಲಿಲ್ಲ.

ಗಂಡ ಬಂದೇಅಲಿ ಟೆಂಪೊ ಓಡಿಸುತ್ತಿದ್ದ. ನೆಲಕ್ಕೆ ಹಾಸುವ ಪರಸಿ ಕಲ್ಲನ್ನು ಹೇರಿಕೊಂಡು ಚಿತ್ತಾಪುರ, ಸೇಡಂ, ಒಮ್ಮೊಮ್ಮೆ ಚಿಂಚೋಳಿಯವರೆಗೆ ಹೋಗಿಬರುತ್ತಿದ್ದ. ಸೆಂಟರ್ ಇದ್ದ ಕಟ್ಟಡ ಗುರುಲಿಂಗಪ್ಪನವರದು. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆ ರಶೀದಾಳದು. ಹಿಂದಿನ ಕೋಣೆಯಲ್ಲಿ ದಾನೇಶ್ವರಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಮೇಲಿನ ಮಾಳಿಗೆಯಲ್ಲಿ ಗುರುಲಿಂಗಪ್ಪ ಮತ್ತು ಅವರ ಹೆಂಡತಿ ಲಲಿತಾಬಾಯಿ. ಮಾಳಿಗೆಗೆ ಹೋಗುವ ಕಲ್ಲಿನ ಮೆಟ್ಟಿಲು ಕಟ್ಟಡದ ಹಿಂದೆ ಹೊರಗಿನಿಂದ ಇತ್ತು. ಗುರುಲಿಂಗಪ್ಪ ಹಿಂದೆ ಪರಸಿಯ ವ್ಯಾಪಾರ ಮಾಡಿದವರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಕೋಲು. ಮಾತು ಒರಟು, ಮನುಷ್ಯ ಒಳ್ಳೆಯವರು. ರಶೀದಾಳ ಅಪ್ಪ ತೀರಿಕೊಂಡ ದಿನ ವಾಡಿಗೆ ಬಂದು, ಖಬರಸ್ತಾನದವರೆಗೂ ಮಯ್ಯತ್ತಿನ ಜೊತೆ ನಡೆದಿದ್ದರು.

ಆ ವರ್ಷ ಮಳೆಗಾಲದ ನಡುವೆ ಕಂಪ್ಯೂಟರು ತಡವರಿಸತೊಡಗಿತು.

ಅದು ಹಳೆಯ ಕಂಪ್ಯೂಟರು ನಿಜ. ಪರದೆಯನ್ನೊಮ್ಮೆ, ಕೀಲಿಮಣೆಯನ್ನೆರಡು ಸಲ ಬದಲಿಸಿದ್ದರೂ ಡಬ್ಬಿ ಮೊದಲಿನದೇ. ಉರ್ದು ಅಕ್ಷರದ ಸಾಫ್ಟ್‌ವೇರು ಅದರಲ್ಲಷ್ಟೇ ಸರಿಯಾಗಿ ನಡೆಯುತ್ತಿದ್ದುದರಿಂದ ಆಕೆ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಈಗ ಅರ್ಜಿಯ ಪುಟ ತೆರೆಯಲೆಂದು ಒತ್ತಿದರೆ ನಡುವಿನ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಫೋಟೊ ಏರಿಸಲು ಹೋದರೆ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರು. ಬೆಂಚಿನ ಮೇಲೆ ಕುಳಿತ ಜನ ಆಕಳಿಸುತ್ತಿದ್ದರು.

"ಸರ್ವರ್ ಡೌನ್ ಆಗ್ಯಾದೇನ್ರಿ?" ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು.

"ಹಂಗೇ ಕಾಣ್ತದ್ರಿ. ಜರಾ ತಡೀರಿ," ಎಂದು ಆಕೆ ಹೇಳುತ್ತಿದ್ದಳು. ಆದರೆ ಅದೇ ಪುಟ ಮಾಳಿಗೆಯ ವೈಫೈ ಹಿಡಿದ ಮೊಬೈಲಿನಲ್ಲಿ ಥಟ್ಟನೆ ತೆರೆಯುತ್ತಿತ್ತು. ಸರ್ವರಿನ ತಪ್ಪಲ್ಲ ಎಂದು ಆಕೆಗೆ ಮೊದಲ ವಾರವೇ ಗೊತ್ತಾಯಿತು.

ಮಾಮೂಲಿನಂತೆ ಒಂದು ತುದಿಯಿಂದ ಹಿಡಿದಳು. ಡಬ್ಬಿ ಬಿಚ್ಚಿ ಧೂಳು ಊದಿದಳು. ಬೇಡದ ಪ್ರೋಗ್ರಾಮುಗಳನ್ನು ತೆಗೆದಳು. ಹಿಂದಿನಿಂದ ತನ್ನಷ್ಟಕ್ಕೆ ತಾನೇ ಇಂಟರ್‌ನೆಟ್ ನುಂಗುವಂಥವು ಏನಾದರೂ ಇವೆಯೇ ಎಂದು ನೋಡಿ ನಿಲ್ಲಿಸಿದಳು. ಪ್ರಯೋಜನವಾಗಲಿಲ್ಲ. ಕೊನೆಗೆ ಲೈನಿನವನಾದ ಸಾಯಬಣ್ಣನಿಗೆ ಫೋನು ಮಾಡಿದಳು. ಇಂಟರ್‌ನೆಟ್ಟಿನ ಮುಖ್ಯ ಲೈನು ಬರುವುದು ಮಾಳಿಗೆಗೆ, ಅಲ್ಲಿಂದ ಒಂದು ಕೇಬಲ್ ಮೆಟ್ಟಿಲ ಗುಂಟ ಇಳಿದು, ಗೋಡೆಯ ತೂತಿನೊಳಗಿಂದ ದಾನೇಶ್ವರಿಯ ಕೋಣೆಗೆ ಬಂದು, ಸೂರಿನ ಕೆಳಗೆ ಹಾದು ರಶೀದಾಳ ಮೇಜು ಮುಟ್ಟುತ್ತಿತ್ತು.

ಸಾಯಬಣ್ಣ ಪರದೆಯ ಮೂಲೆಯಲ್ಲಿ ಏನನ್ನೋ ಒತ್ತಿ ಲೈನಿನ ವೇಗದ ಅಂಕಿ ತೋರಿಸಿದ. "ಇಲ್ಲಿ ನೋಡ್ರಿ ಅಕ್ಕೋರೆ. ಇದು ನೂರು ಇರಬೇಕು. ಹತ್ತು ತೋರಿಸ್ಲಿಕತ್ತದ. ನಿಮ್ಮ ಕಂಪ್ಯೂಟರ್‌ಗಿ ವಯಸ್ಸಾಗ್ಯಾದ, ಹೊಸಾದು ತಗೋರಿ."

"ವಯಸ್ಸಾಗಿದ್ರ ಎಲ್ಲಿಟ್ರೂ ಹತ್ತೇ ತೋರಿಸ್ಬೇಕು. ಮ್ಯಾಲ ಒಯ್ದು ನೋಡಮು ನಡೀರಿ," ಎಂದಳು ರಶೀದಾ.

ಇಬ್ಬರೂ ಸೇರಿ ಡಬ್ಬಿಯನ್ನು ಮಾಳಿಗೆಗೆ ಹೊತ್ತರು. ಲಲಿತಾಬಾಯಿ ಊಟದ ಮೇಜು ಖಾಲಿ ಮಾಡಿಕೊಟ್ಟರು. ತುಂಡು ಕೇಬಲಿನಿಂದ ನೇರವಾಗಿ ಜೋಡಿಸಿದಾಗ ಅಂಕಿ ನೂರಕ್ಕೆ ಹತ್ತಿತು. ಗಂಟೆಗಟ್ಟಲೆ ಸತಾಯಿಸಿದ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಸಾಯಬಣ್ಣ ತಲೆ ಕೆರೆದುಕೊಂಡ. ಕಂಪ್ಯೂಟರಿನ ತಪ್ಪಲ್ಲ, ಉಳಿದದ್ದು ಕೇಬಲ್ ಒಂದೇ.

ಹಳೆ ಕೇಬಲನ್ನು ಎಳೆದರೆ ಅದು ಬರಲಿಲ್ಲ. ಇಬ್ಬರೂ ಹಿಡಿದು ಜಗ್ಗಿದ ಮೇಲೆ ಒಮ್ಮೆಲೇ ಕಿತ್ತುಕೊಂಡು ಬಂತು. ಗೋಡೆಯೊಳಗಿದ್ದ ಅಷ್ಟು ಭಾಗ ಗಾಣಕ್ಕೆ ಹಾಕಿದ ಕಬ್ಬಿನಂತೆ ಚಪ್ಪಟೆಯಾಗಿತ್ತು.

"ಇಲಿ ಕಡದಾವೇನು?"

ಸಾಯಬಣ್ಣ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಇಲಿ ಹಲ್ಲಿನ ಗುರುತಿಲ್ರಿ. ಇದು ಕಡದಿದ್ದಲ್ಲ. ಅಮುಕಿದಂಗ ಆಗ್ಯಾದ."

ಯಾವುದು ಅಮುಕಿತು ಎಂದು ಅಂದು ಇಬ್ಬರೂ ಯೋಚಿಸಲಿಲ್ಲ. ಸಾಯಬಣ್ಣ ಕಬ್ಬಿಣದ ಸಲಾಕೆಯಿಂದ ತೂತನ್ನು ಕೊರೆದು ಅಗಲ ಮಾಡಿ ಹೊಸ ಕೇಬಲ್ ಹಾಕಿದ. ಸೆಂಟರಿನಲ್ಲಿ ಕೆಲಸ ಮತ್ತೆ ಓಡತೊಡಗಿತು.

ಗಣಪತಿ ಕೂರಿಸುವ ಹೊತ್ತಿಗೆ ಅಂಕಿ ಪುನಃ ಹತ್ತಕ್ಕೆ ಇಳಿದಿತ್ತು.

ಹೊಸ ಕೇಬಲ್ ಇಷ್ಟು ಬೇಗ ಹಾಳಾಗುವುದೆಂದರೆ ಏನು? ಈ ಸಲ ರಶೀದಾ ಸಾಯಬಣ್ಣನಿಗೆ ಕಾಯಲಿಲ್ಲ. ಊಟದ ಬಿಡುವಿನಲ್ಲಿ ದಾನೇಶ್ವರಿಯ ಕೋಣೆಗೆ ಹೋಗಿ ಸ್ಟೂಲು ಹತ್ತಿ ತೂತಿಗೆ ಕಣ್ಣಿಟ್ಟಳು. ಆಚೆ ಮೆಟ್ಟಿಲ ಕಡೆಯಿಂದ ಬಿಸಿಲು ಕಾಣಬೇಕಿತ್ತು. ಕಾಣಲಿಲ್ಲ. ದಾನೇಶ್ವರಿಯನ್ನು ಹೊರಗೆ ಕಳಿಸಿ ಆ ಬದಿಯಿಂದ ಮೊಬೈಲಿನ ಟಾರ್ಚು ಹಿಡಿಯಲು ಹೇಳಿದಳು.

"ಹಿಡದೀರೇನು?"

"ಹಿಡದೀನ್ರಿ ಆಪಾ. ಕಾಣವಲ್ದೇನು?"

ಏನೂ ಕಾಣುತ್ತಿರಲಿಲ್ಲ. ಕೈಬೆರಳು ಹೋಗುವಷ್ಟು ಅಗಲ ಕೊರೆದಿದ್ದ ತೂತಿನಲ್ಲಿ ಈಗ ಪೆನ್ಸಿಲ್ಲು ಅರ್ಧ ಹೋಗಿ ಕಲ್ಲಿಗೆ ತಾಗಿ ನಿಂತಿತು. ಅಲ್ಲಿ ಎರಡು ಗೋಡೆಗಳಿದ್ದವು. ಒಂದು ಕೋಣೆಯದು, ಇನ್ನೊಂದು ಮೆಟ್ಟಿಲಿನದು, ಎರಡೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಂಥವು. ಒಂದೇ ಸಲಾಕೆಯಿಂದ ಎರಡನ್ನೂ ಕೊರೆದದ್ದು. ಈಗ ಈ ಗೋಡೆಯ ತೂತು ಒಂದು ಕಡೆ, ಆ ಗೋಡೆಯ ತೂತು ಒಂದು ಕಡೆ. ಒಂದು ಇನ್ನೊಂದನ್ನು ಬಿಟ್ಟು ಸರಿದಿತ್ತು. ನಡುವೆ ಸಿಕ್ಕ ತಂತಿಯನ್ನು ಎರಡು ಗೋಡೆಗಳೂ ಕತ್ತರಿಯ ಅಲಗುಗಳಂತೆ ಕಚ್ಚಿ ಹಿಡಿದಿದ್ದವು.

ಗುರುಲಿಂಗಪ್ಪನವರಿಗೆ ಹೇಳಿದಾಗ ಅವರು ಒಬ್ಬ ಗೌಂಡಿಯನ್ನು ಕರೆಸಿದರು. ಗೌಂಡಿ ಗೋಡೆಯನ್ನು ತಟ್ಟಿ, ಬಾಯಲ್ಲಿದ್ದ ತಂಬಾಕು ಉಗುಳಿ, ಮೆಟ್ಟಿಲಿನತ್ತ ಕೈ ತೋರಿಸಿ, "ಪಾವಟಿಗಿ ಆಮ್ಯಾಲ ಕಟ್ಟ್ಯಾರ. ಮಳಿಗಿ ಜರಾ ಕುಂತದ. ಎಲ್ಲಾ ಮನ್ಯಾಗೂ ಕುಂದರ್ತದ," ಎಂದ. ಎರಡು ಗೋಡೆಗಳ ನಡುವೆ ಬಿಟ್ಟಿದ್ದ ಬಿರುಕಿಗೆ ಸಿಮೆಂಟು ಬಳಿದು ಹೋದ. ಆ ಮಾತು ಎಲ್ಲರಿಗೂ ಸಮಾಧಾನವಾಯಿತು. ರಶೀದಾಳಿಗೂ ಆಯಿತು. ಮೆಟ್ಟಿಲು ಒಂದಿಷ್ಟು ಕುಸಿದರೆ ಯಾರಿಗೇನು?

ಮಾರನೆಯ ದಿನ ಸಾಯಬಣ್ಣ ಬಂದು ಮೆಟ್ಟಿಲ ಕಡೆ ನಿಂತು ತಂತಿಯನ್ನು ಸಡಿಲಿಸಲು ಹೆಣಗುತ್ತಿದ್ದ. ಒಳಗೆ ಸ್ಟೂಲಿನ ಮೇಲೆ ನಿಂತಿದ್ದ ರಶೀದಾ ಸುಮ್ಮನೆ ಕೇಳಿದಳು, "ತಂತಿ ಆ ಕಡಿಂದ ಮ್ಯಾಲ ಹೋಗ್ಯಾದೋ, ತೆಳಗ ಹೋಗ್ಯಾದೋ?"

"ನನ್ನ ಕಡಿಂದ ತೆಳಗ ಬಾಗ್ಯಾದ್ರಿ. ನಿಮ್ಮ ತೂತು ತೆಳಗದ, ನಂದು ಮ್ಯಾಲದ."

ಆಕೆ ಸ್ಟೂಲಿನಿಂದ ಇಳಿದಳು. ಹೊರಗೆ ಹೋಗಿ ತಾನೇ ನೋಡಿದಳು, ಮತ್ತೆ ಒಳಗೆ ಬಂದು ನೋಡಿದಳು. ಮೆಟ್ಟಿಲು ಕುಸಿದಿದ್ದರೆ ಮೆಟ್ಟಿಲ ಕಡೆಯ ತೂತು ಕೆಳಗಿರಬೇಕಿತ್ತು. ಅದು ಮೇಲಿತ್ತು. ಮೆಟ್ಟಿಲು ನಿಂತಲ್ಲೇ ನಿಂತಿತ್ತು. ಇಳಿಯುತ್ತಿದ್ದುದು ಮನೆ.

ಆಕೆಗೆ ಆ ಕೋಣೆಯಲ್ಲಿ ನಿಲ್ಲುವುದೇ ಬೇಡವಾಯಿತು. ಎಂಟು ಹತ್ತು ಹೆಂಗಸರು ತಲೆ ಬಾಗಿಸಿ ಹೊಲಿಯುತ್ತಿದ್ದರು, ಮಷೀನುಗಳು ಗರಗರ ಸದ್ದು ಮಾಡುತ್ತಿದ್ದವು, ಆ ಸದ್ದಿಗೆ ಪರಸಿ ಹಾಸಿದ ನೆಲ ಮೆಲ್ಲಗೆ ಅದುರುತ್ತಿತ್ತು. ಇಷ್ಟು ದಿನ ಆಕೆ ಅದನ್ನು ಗಮನಿಸಿಯೇ ಇರಲಿಲ್ಲ. "ಏನಾಯ್ತ್ರಿ ಆಪಾ, ಮಾರಿ ಹಿಂಗ್ಯಾಕಾಗ್ಯಾದ?" ಎಂದು ದಾನೇಶ್ವರಿ ಕೇಳಿದಳು. ಬಾಗಿಲು ಹಾಕಿದರೆ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆಂದು ಈ ವರ್ಷ ಎರಡು ಸಲ ಬಡಿಗನಿಂದ ಕೆತ್ತಿಸಿದ್ದಾಗಿ, ದಾರದ ಉಂಡೆ ಇಟ್ಟಲ್ಲಿ ನಿಲ್ಲದೆ ಮೂಲೆಗೆ ಉರುಳುತ್ತದೆಂದು ಆಕೆ ತಮಾಷೆಯಾಗಿ ಹೇಳಿಕೊಂಡದ್ದು ರಶೀದಾಳಿಗೆ ಆಗ ನೆನಪಾಯಿತು.

ಸಂಜೆ ಮಾಳಿಗೆಗೆ ಹೋದಾಗ ಗುರುಲಿಂಗಪ್ಪ ಮಠಕ್ಕೆ ಹೋಗಿದ್ದರು. ಲಲಿತಾಬಾಯಿ ಒಬ್ಬರೇ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ರಶೀದಾ ಎದುರಿಗೆ ಕುಳಿತು ನಡೆದದ್ದೆಲ್ಲ ಹೇಳಿ, "ಕಾಕೂ, ಈ ಜಾಗದಾಗ ಮೊದಲ ಏನಿತ್ತ್ರಿ?" ಎಂದು ಕೇಳಿದಳು.

ಲಲಿತಾಬಾಯಿಯ ಕೈ ನಿಂತಿತು. ಬಾಗಿಲ ಕಡೆ ನೋಡಿದರು.

"ನಾ ಸೊಸಿಯಾಗಿ ಬಂದಾಗ ಇಲ್ಲಿ ನೀರ ನಿಂತಿತ್ತವ್ವಾ. ಹಸರ ನೀರು. ಮಾವನೋರ ಕಲ್ಲಿನ ಖಣಿ. ಕಲ್ಲ ತಗದು ತಗದು ಹಂಗೇ ಬಿಟ್ಟಿದ್ರು. ಈಗ ಪಾವಟಿಗಿ ಅದ ನೋಡು, ಅದೇ ದಂಡಿ. ಅಲ್ಲೇ ಕುಂತು ಅರಬಿ ಒಗೀತಿದ್ದೆ."

"ಎಷ್ಟ ಆಳ ಇತ್ತ್ರಿ?"

"ಯಾರಿಗ್ಗೊತ್ತು. ಒಂದ್ಸಲ ಎಮ್ಮಿ ಬಿತ್ತು. ಮ್ಯಾಲ ಬರಲೇ ಇಲ್ಲ."

ಆಮೇಲೆ ಪರಸಿಯ ಚೂರು, ಪಾಲಿಶ್ ಮಷೀನಿನ ರಾಡಿ, ಎಲ್ಲೆಲ್ಲಿಯದೋ ಮಣ್ಣು ತಂದು ಸುರಿದು ತುಂಬಿಸಿದರಂತೆ. ನೆಲ ಗಟ್ಟಿಯಾದಂತೆ ಕಂಡ ಮೇಲೆ ಗುರುಲಿಂಗಪ್ಪ ಪ್ಲಾಟು ಮಾಡಿ ಮಾರಿದರಂತೆ. ಮಂದಿಗೆ ಸಂಶಯ ಬರಬಾರದೆಂದು ಮೊದಲ ಮನೆ ತಾವೇ ಕಟ್ಟಿದರಂತೆ.

"ಗಲ್ಲಿಯೋರಿಗಿ ಗೊತ್ತಿಲ್ಲೇನ್ರಿ?"

"ಗೊತ್ತಿದ್ದೋರು ತೀರಿಕೊಂಡ್ರು. ಉಳದೋರಿಗಿ ಯಾರ್ ಹೇಳ್ತಾರ?" ಎಂದು ಲಲಿತಾಬಾಯಿ ಮತ್ತೆ ಸೊಪ್ಪು ಕೈಗೆತ್ತಿಕೊಂಡರು. ಬೆರಳುಗಳು ಎಲೆಯ ಜೊತೆ ಕಡ್ಡಿಯನ್ನೂ ಬುಟ್ಟಿಗೆ ಹಾಕುತ್ತಿದ್ದವು.

ಗುರುಲಿಂಗಪ್ಪ ಮರುದಿನ ಮೆಟ್ಟಿಲ ಬುಡದಲ್ಲಿ ರಶೀದಾಳ ಮಾತನ್ನು ನಿಂತೇ ಕೇಳಿದರು. ಯಾರು ಹೇಳಿದರೆಂದು ಕೇಳಲಿಲ್ಲ. ಮಾಳಿಗೆಯ ಕಿಟಕಿಯತ್ತ ಒಮ್ಮೆ ನೋಡಿದರಷ್ಟೆ.

"ಮೂವತ್ತ ವರ್ಷದ ಮ್ಯಾಲಾಯ್ತು ಮನಿ ಕಟ್ಟಿ. ನಾ ನಿಂತು ತುಂಬ್ಸಿದ ಕಲ್ಲದು. ಕಬ್ಬಿಣದಂಗ ಕುಂತದ. ನಾ ಹೆಂಡ್ತಿನ ಕಟಗೊಂಡು ಮ್ಯಾಲೇ ಮಲಗ್ತೀನಿ, ಬೀಳಂಗಿದ್ರ ಮಲಗ್ತಿದ್ನೇನು?"

"ಕಾಕಾ, ಒಮ್ಮಿ ಎಂಜಿನಿಯರ್‌ಗಿ ತೋರ್ಸಮ್ರಿ."

"ತೋರ್ಸಿ? ಇಡೀ ಗಲ್ಲಿ ಮಂದಿ ಮನಿ ಬಿಟ್ಟು ಎಲ್ಲಿ ಹೋಗ್ಬೇಕು?" ಅವರ ದನಿ ಏರಲಿಲ್ಲ, ಇಳಿಯಿತು. "ಈ ಮಾತ ನನ್ನ ಮುಂದ ಆಡಿದಿ, ಆಡು. ಗಲ್ಲಿಯೊಳಗ ಆಡಬ್ಯಾಡ ರಶೀದಾ."

ಬೆದರಿಸಿದಂತಿರಲಿಲ್ಲ ಅದು. ಬೇಡಿಕೊಂಡಂತಿತ್ತು. ರಶೀದಾಳಿಗೆ ಅದೇ ಹೆಚ್ಚು ಭಯವಾಯಿತು.

ಅತ್ತ ಸಾಯಬಣ್ಣ ಇಂಟರ್‌ನೆಟ್ಟಿಗೆ ಸುಲಭದ ದಾರಿ ಹುಡುಕಿದ್ದ. ತೂತಿನ ಗೊಡವೆಯೇ ಬೇಡವೆಂದು ಮೆಟ್ಟಿಲ ಗೋಡೆಗೆ ಮೊಳೆ ಹೊಡೆದು ಇನ್ನೊಂದು ಕೇಬಲ್ ಬಿಗಿದು, ಹಿಂದಿನ ಕೋಣೆಯ ಕಿಟಕಿಯಿಂದ ಒಳಗೆ ತಂದ. ಮೊಳೆಗೂ ಕಿಟಕಿಗೂ ನಡುವೆ ತಂತಿಯನ್ನು ಜೋಲಿಯಂತೆ ಸಡಿಲ ಬಿಡಲು ರಶೀದಾ ಹೇಳಿದಳು. ಅಂಕಿ ನೂರಕ್ಕೆ ಹತ್ತಿತು. ಬೆಂಚಿನ ಮೇಲಿನ ಜನ ಬೇಗ ಬೇಗ ಎದ್ದುಹೋಗತೊಡಗಿದರು. "ಬೇಗಂ ಅವರ ಸರ್ವರ್ ಸುಧಾರ್ಸ್ಯಾದ," ಎಂದು ನಕ್ಕರು.

ಹಾಗೆ ನೋಡಿದರೆ ಆಕೆಯ ಕೆಲಸ ಅಲ್ಲಿಗೆ ಮುಗಿಯಿತು. ಕೆಟ್ಟದ್ದು ಸರಿಯಾಗಿತ್ತು. ಆದರೆ ಗೋಡೆಯಲ್ಲಿದ್ದ ತಂತಿಯನ್ನು ಆಕೆ ತೆಗೆಯಲು ಬಿಡಲಿಲ್ಲ. ದಿನಾ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಹೊಸ ತಂತಿ ಕಿತ್ತು ಆ ತಂತಿ ಸಿಕ್ಕಿಸಿ ನೋಡುತ್ತಿದ್ದಳು. ಹತ್ತು. ಮರುದಿನವೂ ಹತ್ತು. ಒಂದು ದಿನ ಹತ್ತು ತೋರಿಸಿ ಮಾಯವಾಗಿ, ಮತ್ತೆ ತೋರಿಸಿತು. ಆಸ್ಪತ್ರೆಯಲ್ಲಿ ರೋಗಿಯ ಕೈ ಹಿಡಿದು ನಾಡಿ ನೋಡುತ್ತ ಕೂತವರಂತಾಗಿತ್ತು ಆಕೆಯ ಬಾಳು. ಮನೆಯಲ್ಲಿ ಬಂದೇಅಲಿಯ ಜೊತೆ ಮಾತೆಲ್ಲ ದಖನಿ ಉರ್ದುವಿನಲ್ಲಿ. ಅವನಿಗೆ ತಂತಿಯ ವಿಚಾರ ತಿಳಿಯಲಿಲ್ಲ, ಆದರೆ ಹುಟ್ಟಿದಾಗಿನಿಂದ ಖಣಿಯ ನಡುವೆ ಬೆಳೆದವನಿಗೆ ಎಮ್ಮೆಯ ವಿಚಾರ ಚೆನ್ನಾಗಿ ತಿಳಿಯಿತು. ಸಾಮಾನು ತೆಗೆಯಬೇಕಾದ ದಿನ ಒಂದು ಮಾತು ಹೇಳು, ಟೆಂಪೊ ತರುತ್ತೇನೆ ಎಂದ. ಬೇರೆ ಜಾಗ ಹುಡುಕತೊಡಗಿದ.

ಅಕ್ಟೋಬರಿನಲ್ಲಿ ಸಮುದ್ರದ ಕಡೆ ಎಲ್ಲೋ ತುಫಾನು ಎದ್ದಿತೆಂದು ಇಲ್ಲಿ ಮಳೆ ಹಿಡಿಯಿತು. ಬಿರುಸಿಲ್ಲ, ಬಿಡುವೂ ಇಲ್ಲ. ಗಲ್ಲಿಯ ಬಚ್ಚಲು ನೀರು ಇಳಿಜಾರಿಗೆ ಹರಿಯುವುದು ಬಿಟ್ಟು ಗುರುಲಿಂಗಪ್ಪನವರ ಕಟ್ಟಡದ ಬುಡದಲ್ಲಿ ಸದ್ದಿಲ್ಲದೆ ಇಂಗುತ್ತಿತ್ತು. ಎಷ್ಟು ನೀರು ಬಂದರೂ ಅಲ್ಲಿ ಕೆರೆ ನಿಲ್ಲಲಿಲ್ಲ. ಅದನ್ನು ನೋಡಿ ಎದುರಿನ ಚಹಾದಂಗಡಿಯ ಹಣಮಪ್ಪ, "ನಿಮ್ಮ ಕಡಿ ಛಲೋ ಅದ ನೋಡ್ರಿ, ರಾಡಿನೇ ಇಲ್ಲ," ಎಂದ.

ಮಳೆಯ ಮೂರನೆಯ ಬೆಳಿಗ್ಗೆ ಗೋಡೆಯ ತಂತಿ ಸತ್ತಿತ್ತು. ಪರದೆಯಲ್ಲಿ ಕೆಂಪು ಗುರುತು. ರಶೀದಾ ಹಿಂದಿನ ಕೋಣೆಗೆ ಹೋಗಿ ಎಳೆದಾಗ ಮೊಳದಷ್ಟು ತಂತಿ ಕೈಗೆ ಬಂತು, ತುದಿ ಕತ್ತರಿಸಿದಂತಿತ್ತು. ಹೊಸ ತಂತಿ ಸಿಕ್ಕಿಸಿದಳು. ನೂರು ಇರಬೇಕಾದಲ್ಲಿ ಹತ್ತು.

ಕಿಟಕಿಯಿಂದ ಹೊರಗೆ ನೋಡಿದಳು. ಜೋಲಿಯಂತೆ ಬಿಟ್ಟಿದ್ದ ತಂತಿ ತಂಬೂರಿಯ ತಂತಿಯ ಹಾಗೆ ಬಿಗಿದು ನಿಂತಿತ್ತು. ಮಳೆಹನಿ ಅದರ ಮೇಲೆ ಕೂರದೆ ಜಾರುತ್ತಿತ್ತು.

ಆಕೆ ಗಂಡನಿಗೆ ಫೋನು ಮಾಡಿ ಒಂದೇ ಮಾತು ಹೇಳಿದಳು. ಆಮೇಲೆ ದಾನೇಶ್ವರಿಯ ಬಳಿ ಹೋದಳು.

"ಮಷೀನ್ ಎಲ್ಲಾ ಹೊರಗ ತಗೀರಿ. ಈಗಲೇ."

"ಸಾಲಿ ಮಕ್ಕಳ ಡ್ರೆಸ್ ಇನ್ನಾ ಅರ್ಧಾ ಹೊಲಿಯಾದು ಅದ ಆಪಾ. ಮಳ್ಯಾಗ ಎಲ್ಲಿಡ್ಲಿ?"

ರಶೀದಾ ಮೇಜಿನ ಮೇಲಿದ್ದ ದಾರದ ಉಂಡೆಯನ್ನು ನೆಲದ ಮೇಲಿಟ್ಟಳು. ಅದು ನಿಧಾನಕ್ಕೆ ಹೊರಟು, ಕೋಣೆಯ ನಡುವೆ ವೇಗ ಹಿಡಿದು, ಮುಂದಿನ ಗೋಡೆಗೆ ಬಡಿಯಿತು. ಹೆಂಗಸರು ಮಷೀನು ನಿಲ್ಲಿಸಿ ನೋಡಿದರು. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಬಂದೇಅಲಿಯ ಟೆಂಪೊ ಬರುವಷ್ಟರಲ್ಲಿ ಅರ್ಧ ಮಷೀನುಗಳು ಹಣಮಪ್ಪನ ಅಂಗಡಿಯ ತಗಡಿನ ಕೆಳಗೆ ಸೇರಿದ್ದವು.

ಮಾಳಿಗೆಯ ಮೇಲೆ ಗುರುಲಿಂಗಪ್ಪ ಒಪ್ಪಲಿಲ್ಲ. "ತಂತಿ ಬಿಗದದಂತ ನಾ ಮನಿ ಬಿಡ್ಲೇನು?" ಎಂದರು. ರಶೀದಾ ವಾದಕ್ಕೆ ನಿಲ್ಲದೆ ಲಲಿತಾಬಾಯಿಯ ಕಡೆ ತಿರುಗಿ, "ಕಾಕೂ, ನೀವರೆ ಬರ್ರಿ," ಎಂದಳು. ಆ ಹೆಂಗಸು ಗಂಡನ ಮುಖ ನೋಡಲಿಲ್ಲ. ಒಲೆ ಆರಿಸಿ, ತಲೆಯ ಮೇಲೆ ಸೆರಗು ಹೊದ್ದು, ಮೆಟ್ಟಿಲು ಇಳಿದು ಬಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟರು. ಮದುವೆಯಾದಾಗಿನಿಂದ ಅವರು ಚಹಾದಂಗಡಿಯಲ್ಲಿ ಕುಳಿತದ್ದು ಅದೇ ಮೊದಲು.

ಗಲ್ಲಿಯ ಜನ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ರಶೀದಾಳಿಗೆ ನಾಚಿಕೆಯಾಗತೊಡಗಿತು. ಕಂಪ್ಯೂಟರಿನ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಏನೂ ಆಗದಿರಲಿ ಎಂದು ದುವಾ ಮಾಡುತ್ತಿದ್ದಳು, ಏನೂ ಆಗದಿದ್ದರೆ ನಾಳೆ ಈ ಗಲ್ಲಿಯಲ್ಲಿ ಹೇಗೆ ಮುಖ ತೋರಿಸಲಿ ಎಂದೂ ಯೋಚಿಸುತ್ತಿದ್ದಳು.

ಊಟದ ಹೊತ್ತು ಮೀರಿದಾಗ ಗುರುಲಿಂಗಪ್ಪ ಕೆಳಗಿಳಿದು ಬಂದು ದೂರದಲ್ಲೇ ನಿಂತು, "ಮಂದಿ ನೋಡ್ಲಿಕತ್ತಾರ. ನಡಿ ಮನಿಗಿ," ಎಂದು ಹೆಂಡತಿಯನ್ನು ಕರೆದರು. ಲಲಿತಾಬಾಯಿ ಅಲುಗಲಿಲ್ಲ. ಗುರುಲಿಂಗಪ್ಪ ಮಳೆಯಲ್ಲಿ ಕೋಲು ಊರುತ್ತ ಹಿಂದಿನ ಸಂದಿಗೆ ಮರಳಿದರು. ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು.

ಆಮೇಲೆ ಕೇಳಿಸಿದ ಸದ್ದು ದೊಡ್ಡದಲ್ಲ. ಗಾಡಿಯಿಂದ ಪರಸಿ ಇಳಿಸುವಾಗ ಒಂದರ ಮೇಲೊಂದು ಜಾರುವಂಥ ಸದ್ದು. ಹಿಂದಿನ ಕೋಣೆ ಮೊದಲು ಹೋಯಿತು. ಅದರ ಮೇಲಿನ ಮಾಳಿಗೆ ಒಂದು ಕ್ಷಣ ನಿಂತಂತೆ ಮಾಡಿ ಹಾಗೆಯೇ ಕೆಳಗಿಳಿಯಿತು. ಮುಂದಿನ ಗೋಡೆ ಒಳಮುಖವಾಗಿ ಬಾಗಿ ಮಲಗಿತು. ಧೂಳು ಏಳಲಿಲ್ಲ, ಮಳೆ ಅದನ್ನು ಅಲ್ಲೇ ಅಡಗಿಸಿತು. ಕಟ್ಟಡ ಇದ್ದಲ್ಲಿ ಕೆಳಗಿನಿಂದ ನೀರು ಗುಳುಗುಳು ಎನ್ನುವುದು ಕೇಳುತ್ತಿತ್ತು.

ಮೆಟ್ಟಿಲು ಮಾತ್ರ ನಿಂತಿತ್ತು. ಆಕಾಶಕ್ಕೆ ಹಚ್ಚಿದಂತೆ ಬೋಳಾಗಿ ನಿಂತಿತ್ತು. ಅದರ ಮೇಲಿನ ತುದಿಯಲ್ಲಿ, ಬಾಗಿಲು ಇದ್ದಲ್ಲಿಗೆ ಮುಖ ಮಾಡಿ, ಗುರುಲಿಂಗಪ್ಪ ನಿಂತಿದ್ದರು.

ಜನ ಕೂಗಿದರು. ಅವರು ತಿರುಗಲಿಲ್ಲ. ಬಂದೇಅಲಿ ಸುತ್ತಿಬಂದು ಮೆಟ್ಟಿಲಿಗೆ ಕಾಲಿಡಲು ಹೋದಾಗ ರಶೀದಾ ಅವನ ತೋಳು ಹಿಡಿದಳು. ಆಮೇಲೆ ತಾನೇ ಬಿಟ್ಟಳು. ಮೆಟ್ಟಿಲ ಕೆಳಗೆ ಗಟ್ಟಿ ಕಲ್ಲಿದೆಯೆಂದು ಆಕೆಗೆ ಗೊತ್ತಿತ್ತಲ್ಲ. ಗೊತ್ತಿದ್ದರೂ ಅವನು ಹತ್ತಿ, ಮುದುಕನ ಸೊಂಟಕ್ಕೆ ಕೈ ಹಾಕಿ, ಹಿಂದೆ ಹಿಂದೆ ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬರುವವರೆಗೆ ಆಕೆ ಮೆಟ್ಟಿಲ ಬುಡದಿಂದ ಕಣ್ಣು ತೆಗೆಯಲಿಲ್ಲ. ಗುರುಲಿಂಗಪ್ಪನವರ ಕಣ್ಣು ತೆರೆದಿದ್ದವು. "ಬಾಗಲಾ ತಗೀಲಿಕ್ಕಿ ಕೈ ಚಾಚಿದ್ದೆ," ಎಂದು ಎರಡು ಮೂರು ಸಲ ಹೇಳಿದರು.

ಯಾರೂ ಸಾಯಲಿಲ್ಲ. ಎರಡು ಹೊಲಿಗೆ ಮಷೀನು, ಮಕ್ಕಳ ಡ್ರೆಸ್ಸಿನ ಬಟ್ಟೆಯ ಗಂಟು, ಮಾಳಿಗೆಯ ಮೇಲಿನ ಇಡೀ ಸಂಸಾರ ಒಳಗೆ ಹೋಗಿತ್ತು.

ಮಳೆ ನಿಂತ ಮೇಲೆ ಶಾಂತಕುಮಾರ ಎಂಬ ಎಂಜಿನಿಯರ್ ಬಂದರು. ಹೊಂಡದ ಸುತ್ತ ಹಗ್ಗ ಕಟ್ಟಿಸಿ, ಖಣಿ ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಕೇಳಿದರು. ಯಾರಿಗೂ ತಿಳಿದಿರಲಿಲ್ಲ. ಹೆಂಡತಿಯ ತಮ್ಮನ ಮನೆಯಲ್ಲಿ ಮಾತು ಬಿಟ್ಟು ಕುಳಿತಿದ್ದ ಗುರುಲಿಂಗಪ್ಪನವರನ್ನು ಕರೆತರಲು ರಶೀದಾಳೇ ಹೋದಳು. ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಆಕೆಯನ್ನು ಕಂಡೊಡನೆ ಅವರು ಕೋಲಿಗೆ ಕೈ ಹಾಕಿದರು.

ಮೆಟ್ಟಿಲ ಬುಡದಿಂದ ನಡೆಯಲು ಶುರುಮಾಡಿದರು. ರಸ್ತೆ ದಾಟಿದರು. ಅಂದು ಎಲ್ಲರೂ ಸುರಕ್ಷಿತವೆಂದು ಕುಳಿತಿದ್ದ ಹಣಮಪ್ಪನ ಅಂಗಡಿಯನ್ನು ದಾಟಿದರು. ಹಣಮಪ್ಪ ಕೆಟಲ್ ಹಿಡಿದುಕೊಂಡು ಹೊರಗೆ ಬಂದು ನಿಂತ. ಗಲ್ಲಿಯ ಜನ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಯಾರೂ ನಗುತ್ತಿರಲಿಲ್ಲ. ಕೋಲು ನೆಲ ತಟ್ಟುವ ಸದ್ದೊಂದೇ ಕೇಳುತ್ತಿತ್ತು. ಒಂದು ಕಡೆ ನಿಂತು, "ಇಲ್ಲಿತನ," ಎಂದರು. ಎಂಜಿನಿಯರ್ ಸುಣ್ಣದಿಂದ ಗೆರೆ ಎಳೆಸಲು ಬಗ್ಗಿದರು. ಗುರುಲಿಂಗಪ್ಪ ಸುತ್ತ ನೋಡಿದರು, ಹಿಂದೆ ಖಣಿಯ ದಂಡೆಯಲ್ಲಿದ್ದ ಬೇವಿನ ಗಿಡವೊಂದನ್ನು ಹುಡುಕುವಂತೆ ಕಣ್ಣು ಹಾಯಿಸಿದರು. "ಇಲ್ಲ. ಇನ್ನಾ ಮುಂದ ಅದ," ಎಂದು ಮತ್ತೆ ನಡೆದರು.

ಗಲ್ಲಿಯ ತಿರುವಿನಲ್ಲಿ ನೀಲಿ ಬಾಗಿಲಿನ ಮನೆ. ಸೊಂಟದಲ್ಲಿ ಕೂಸು ಎತ್ತಿಕೊಂಡ ಕಮರುನ್ನೀಸಾ ಹೊಸ್ತಿಲ ಮೇಲೆ ನಿಂತಿದ್ದಳು. ಆ ಮನೆ ಕಟ್ಟಿ ಎರಡು ವರ್ಷವೂ ಆಗಿರಲಿಲ್ಲ.

"ಅಜ್ಜಾ, ನಮ್ಮ ಮನಿ ಒಳಗ ಬರ್ತದೋ, ಹೊರಗೋ?"

ಗುರುಲಿಂಗಪ್ಪ ಆ ಮನೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆ ಬಾಗಿಲನ್ನು ದಾಟಿ ಮುಂದಕ್ಕೆ ಕೋಲು ಊರಿದರು.

ರಶೀದಾ ಅವರ ಹಿಂದೆ ಹೋಗಲಿಲ್ಲ. ಹೊಸ್ತಿಲ ಬಳಿ ಬಂದು ಕಮರುನ್ನೀಸಾಳ ಸೊಂಟದಿಂದ ಕೂಸನ್ನು ತಾನು ತೆಗೆದುಕೊಂಡಳು.

"ನಡೀರಿ, ಸಾಮಾನ ತಗೀಮು," ಎಂದಳು.